ತೊಳಿಯಾಕ ಏನೂ ಇಲ್ಲದ ಅಂಗಿ

ಮನುಕಾವ್, ಆಕ್ಲೆಂಡ್,
ಶ್ರಾವಣ ಸೋಮವಾರ, ೧೮ ಆಗಸ್ಟ್ ೨೦೧೪

ಪ್ರೀತಿಯ ರಕ್ಷಾನ ಅಪ್ಪಾರಿಗೆ,

ವಸಂತಾನ ಶರಣು ಶರಣಾರ್ಥಿ. ಆರಾಮ ಅದೀರಿಲ್ರಿ? ಕೆಮ್ಮು ಹೆಂಗೈತಿ? ಫೋನಿನಾಗ ಕೇಳಿದ್ರ ‘ಏನಿಲ್ಲ, ಏನಿಲ್ಲ’ ಅಂತೀರಿ, ಆದ್ರ ಆ ಏನಿಲ್ಲದ ಹಿಂದ ಎದಿಯೊಳಗಿನ ಗೊರಗೊರ ನನಗ ಆಕ್ಲೆಂಡಿನ ತನಕ ಕೇಳಿಸ್ತೈತಿ. ವಾರ್ಡಿನಾಗ ದಿನಾ ಅದನ್ನ ಕೇಳಿಕೋತ ಬಂದಾಕಿ ನಾನು, ನನ್ನ ಮುಂದ ಸುಳ್ಳು ನಡಿಯೂದಿಲ್ಲ. ಸೈಟಿನ ಧೂಳಿನಾಗ ಮಾಸ್ಕ್ ಹಾಕ್ಕೊಳ್ರಿ, ಯೂಟ್ ಗಾಡಿಯ ಕಿಟಕಿ ಏರಿಸ್ಕೊಂಡು ಹೋಗ್ರಿ. ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿ ಥಂಡಿ ಅಂದ್ರ ನಮ್ಮ ಗದಗಿನ ಥಂಡಿ ಅಲ್ಲ. ಶೇಂಗಾ ಹಿಂಡಿ ಖಾಲಿ ಆತಂತ ರಕ್ಷಾ ಹೇಳಿದ್ಲು. ನಿಮ್ಮ ಫ್ಲ್ಯಾಟ್‌ಮೇಟ್ ಗುರುದತ್ ಅವರು ಪಾಪ ಮೈಸೂರಿನವರು, ಸಾರಿಗೆ ಬೆಲ್ಲ ಹಾಕದ ಅವರ ಕೈ ನಿಲ್ಲೂದಿಲ್ಲ. ಆ ಸಾರು ಗಂಟಲದಾಗ ಇಳಿಬೇಕಂದ್ರ ಹಿಂಡಿ ಬೇಕ ಬೇಕು, ಬ್ಯಾರೆ ಪಾರ್ಸೆಲ್ ಮಾಡ್ತೀನಿ. ನಾವಿಬ್ರೂ ಇಲ್ಲೆ ಆರಾಮ. ಇವತ್ತ ನನಗ ಒಪ್ಪತ್ತು, ಡ್ಯೂಟಿನೂ ಇಲ್ಲ, ಹೊರಗ ಮಳಿ ಹಿಡದೈತಿ, ರಕ್ಷಾ ಸಾಲಿಗೆ ಹೋಗ್ಯಾಳ. ಅದಕ್ಕ ಕುಂತು ಬರಿಯಾಕತ್ತೀನಿ.

ದಿನಾ ಫೋನ್ ಇರೂವಾಗ ಇಕಿಗೆ ಪತ್ರದ ಹುಚ್ಚು ಯಾಕ ಹಿಡೀತು ಅಂತೀರೇನು? ಫೋನಿನಾಗ ನಮ್ಮ ಮಾತು ಹೆಂಗ ಆಗ್ತಾವ ನಿಮಗ ಗೊತ್ತೈತಿ. ಊಟ ಆತಾ, ಆತು. ನಿಂದು ಆತಾ, ಆತ್ರಿ. ಆಮ್ಯಾಲ ಇಬ್ರೂ ಸುಮ್ಮನ ಉಸರ ಬಿಟ್ಕೋತ ಕೂಡೂದು. ಭೂಕಂಪ ಆದ ಮ್ಯಾಲ ಕ್ರೈಸ್ಟ್‌ಚರ್ಚ್ ಹೊಳ್ಳಿ ಕಟ್ಟಾಕ ಅಂತ ಆರ ತಿಂಗಳಿಗೆ ಹೋದಾವ್ರು ನೀವು, ಈಗ ವರ್ಷದ ಮ್ಯಾಲಾತು. ಈ ಶುಕ್ರವಾರ ಕಂಪನಿಗೆ ಉತ್ತರ ಕೊಡಬೇಕು. ಹಾರ್ನ್‌ಬಿಯೊಳಗ ಇನ್ನೂ ಎರಡ ವರ್ಷ ಇರ್ತೀನಿ ಅಂತ ಸಹಿ ಮಾಡೂದೋ, ಇಲ್ಲಾ ಆಕ್ಲೆಂಡ್ ಆಫೀಸಿನಾಗ ಖಾಲಿ ಇರೂ ಕೆಲಸಕ್ಕ ಹೊಳ್ಳಿ ಬರೂದೋ. ತಿಂಗಳಿಂದ ಇದ ಮಾತು. ನೀವು ‘ನಿನ್ನ ಮನಸಿಗೆ ಹೆಂಗ ಬರ್ತೈತಿ ಹಂಗ’ ಅಂತೀರಿ, ನಾನು ‘ನಿಮಗ ಹೆಂಗ ಅನುಕೂಲ ಹಂಗ’ ಅಂತೀನಿ. ಬಾಗಲದಾಗ ನಿಂತು ‘ನೀವ ಮೊದಲ, ನೀವ ಮೊದಲ’ ಅನ್ನೂ ಬೀಗರಂಗ ಆಗೇವಿ, ಇಬ್ರೂ ಒಳಗ ಹೋಗೂದಿಲ್ಲ. ಇರ್ಲಿ, ಅದನ್ನ ಆಮ್ಯಾಲ ನೋಡೂಣು. ಮೊದಲು ನನ್ನ ಹೊಟ್ಟಿಯೊಳಗ ಕುದಿಯಾಕತ್ತಿರೂ ಸುದ್ದಿ ಕೇಳ್ರಿ. ನಾ ಒಂದು ಪುಸ್ತಕ ಓದಿದೆ! ನಗಬ್ಯಾಡ್ರಿ. ಚಿತ್ರದ ಪುಸ್ತಕ, ಜಪಾನಿನವರದು, ಮಾಂಗಾ ಅಂತಾರ. ಪ್ರೀತಿಯ ಕಥಿ, ಆದ್ರ ಪೂರಾ ನಗಿಚಾಟಿಗಿದು. ಓದಿದಾಗಿಂದ ನನ್ನ ಕಾಲು ನೆಲಕ್ಕ ಹತ್ತವಲ್ವು.

ಆದದ್ದು ಹಿಂಗ. ರಕ್ಷಾನ ಸಾಲಿ ಲೈಬ್ರರ್ಯಾಗ ಹುಡುಗರು ತಾವು ಓದಿದ ಪುಸ್ತಕದ ವಿಮರ್ಶೆ ಬರದು ಗ್ವಾಡಿಗೆ ಹಚ್ಚತಾರ. ಈ ಸಲ ಅಲ್ಲಿಯ ಟೀಚರ್ ಬಾಯಾರು ಒಂದು ಹೊಸಾ ನಮೂನಿ ತಗದಾರ. ಹುಡುಗರು ಯಾವ ಪುಸ್ತಕ ಓದ್ತಾರೋ ಅದನ್ನ ಮನಿಯ ದೊಡ್ಡವರೂ ಓದಿ ಬರೀಬೇಕಂತ. ನಿಮ್ಮ ಮಗಳು ತಂದದ್ದು ಏನು? ಇದ ಮಾಂಗಾ ಸರಣಿಯ ಆರನೇ ಸಂಪುಟ. ‘ಮಮ್ಮಿ, ಜಸ್ಟ್ ರೀಡ್ ಇಟ್’ ಅಂತ ಊಟದ ತಾಟಿನ ಬಾಜೂಕ ಒಗದು ಹೋದ್ಲು. ನಾ ನಮ್ಮ ಪದ್ಧತಿಯಂಗ ಎಡಗಡೆಯಿಂದ ತಗದೆ. ಅದು ಕಡೀ ಹಾಳಿ ಅಂತ, ಅವರು ಬಲಗಡೆಯಿಂದ ಓದ್ತಾರಂತ! ಮಗಳು ಬಿದ್ದು ಬಿದ್ದು ನಕ್ಲು, ಕಡೀ ಹಾಳಿಗೆ ಒಂದು ಹೇರ್‌ಪಿನ್ ಚುಚ್ಚಿ ‘ಡೋಂಟ್ ಪೀಕ್’ ಅಂತ ತಾಕೀತು ಮಾಡಿದ್ಲು. ಅರ್ಧ ಓದಿದ ಮ್ಯಾಲ ಇಂಗ್ಲಿಷಿನಾಗ ಬರದು ಕೊಟ್ಟೆ. ‘ಪುಸ್ತಕ ಛಲೋ ಐತಿ. ಚಿತ್ರ ಸ್ವಚ್ಛ ಅದಾವ. ಮಕ್ಕಳು ಓದಬಹುದು.’ ಅಕಿ ಮಾರಿ ಕಿವುಚಿ, ‘ದಟ್ಸ್ ನಾಟ್ ಎ ರಿವ್ಯೂ ಮಮ್ಮಿ, ದಟ್ಸ್ ಎ ಹ್ಯಾಂಡೋವರ್’ ಅಂದ್ಲು. ಡ್ಯೂಟಿ ಬದಲಾಗೂವಾಗ ಮುಂದಿನ ನರ್ಸಿಗೆ ಪೇಶಂಟಿನ ಸುದ್ದಿ ಒಪ್ಪಿಸ್ತೀವಲ್ಲ, ಹಂಗೈತಂತ! ಸಿಟ್ಟು ಬಂತು, ಖರೇ ಅಂತನೂ ಅನಿಸ್ತು. ನನ್ನ ಹೊಟ್ಟ್ಯಾಗಿಂದು ಇಂಗ್ಲಿಷಿನಾಗ ಹೊರಗ ಬರೂದಿಲ್ರಿ. ಅದಕ್ಕ ನನ್ನ ಖರೇ ವಿಮರ್ಶೆ ನಿಮಗ ಬರಿತೀನಿ, ನೀವು ಮಾತ್ರ ಗ್ವಾಡಿಗೆ ಹಚ್ಚಬ್ಯಾಡ್ರಿ.

ಕಥಿ ಏನಂದ್ರ, ಚಿನಾತ್ಸು ಅಂತ ಒಬ್ಬಾಕಿ ಹುಡುಗಿ. ಕಣ್ಣು ತಾಟಿನಷ್ಟು ಬರದಾರ, ಮೂಗು ಬರಿಯೂದ ಮರತಾರ, ಆದ್ರೂ ಚಂದ ಅದಾಳ. ಅವರದು ಓಣ್ಯಾಗ ಸಣ್ಣ ಲಾಂಡ್ರಿ ಅಂಗಡಿ. ಸೊಹೇ ತಕೆನಾಕಾ ಅಂತ ಒಬ್ಬ ಹುಡುಗ, ಬ್ಯಾಂಕಿನಾಗ ಕೆಲಸ. ಅಕಿ ಮಾರಿ ನೋಡಾಕ ಅವಗ ನೆಪ ಬೇಕಲ್ಲ, ಅದಕ್ಕ ತನ್ನ ಬಿಳಿ ಅಂಗಿಗೆ ತಾನ ಕಲೆ ಹಚ್ಚಿಕೊಂಡು ಬರ್ತಾನ! ಒಮ್ಮೆ ಸೋಯಾ ಸಾಸ್, ಒಮ್ಮೆ ಮಸಿ, ಒಮ್ಮೆ ಕಾಫಿ. ಎಲ್ಲೆ ಹಾಕ್ಕೊಂಡ್ರ ಸಹಜ ಕಾಣತೈತಿ ಅಂತ ಕನ್ನಡಿ ಮುಂದ ನಿಂತು, ಚಮಚದಾಗ ಸಾಸ್ ಹಿಡಕೊಂಡು ವಿಚಾರ ಮಾಡೂ ಚಿತ್ರ ಐತಿ. ನಾ ಅದನ್ನ ಬಸ್ಸಿನಾಗ ನೋಡಿ ಒಬ್ಬಾಕೀನ ನಗಾಕ ಹತ್ತಿದೆ, ಬಾಜೂಕ ಕುಂತ ಸಮೋವಾದ ಅಜ್ಜಿ ಏನೂ ಗೊತ್ತಿಲ್ಲದ ತಾನೂ ನಕ್ಲು. ಚಿನಾತ್ಸುಗೂ ಎಲ್ಲಾ ಗೊತ್ತು. ಇದು ಬಿದ್ದ ಕಲೆ ಅಲ್ಲ, ಹಚ್ಚಿದ ಕಲೆ ಅಂತ ನೋಡಿದ ಕೂಡಲೇ ತಿಳಿತೈತಿ, ಹುಟ್ಟಿದಾಗಿಂದ ಅದ ಕೆಲಸ ಮಾಡಿದಾಕಿ. ಆದ್ರ ಬಾಯಿ ಬಿಡೂದಿಲ್ಲ. ಐದು ಸಂಪುಟ ಹಿಂಗ ತೊಳದಾಳ, ಇಸ್ತ್ರಿ ಮಾಡ್ಯಾಳ, ಮಡಚಿ ಕೊಟ್ಟಾಳ, ಅಂವ ‘ಥ್ಯಾಂಕ್ಯೂ’ ಅಂದು ತಲಿ ಬಗ್ಗಿಸಿ ಹೋಗ್ಯಾನ. ನನಗಂತೂ ಇಬ್ರ ತಲಿಗೂ ಒಂದೊಂದು ಕುಟ್ಟಬೇಕು ಅನಿಸ್ತು.

ಈ ಆರನೇ ಸಂಪುಟದ ಗುದ್ದಾಟ ಏನಂದ್ರ ಹೆಸರು. ಅವರಲ್ಲಿ ಮನಿತನದ ಅಡ್ಡಹೆಸರು ಹಿಡದು, ಹಿಂದ ‘ಸಾನ್’ ಅಂತ ಹಚ್ಚಿ ಕರೀತಾರ, ನಮ್ಮ ‘ಅವರು’ ಇದ್ದಂಗ. ಅಕಿ ಅವನನ್ನ ‘ತಕೆನಾಕಾ ಸಾನ್’ ಅಂತಾಳ. ಬರೇ ‘ಸೊಹೇ’ ಅಂತ ಸ್ವಂತ ಹೆಸರು ಕರದ್ರ ಮುಗೀತು, ನೀ ನನ್ನಂವ ಅಂತ ಒಪ್ಪಿದಂಗ. ಹಬ್ಬದ ದಿನ ಅಂವ ಧೈರ್ಯ ಮಾಡಿ ‘ನನ್ನ ಹೆಸರು ಹಿಡದು ಕರಿ’ ಅಂತ ಕೇಳ್ತಾನ. ಅಷ್ಟ! ಅಲ್ಲಿಂದ ಇಡೀ ಪುಸ್ತಕ ಅಕಿ ಆ ಎರಡಕ್ಷರ ಬಾಯಿಂದ ಹೊರಗ ತಗಿಯಾಕ ಪಡೂ ಪಾಡು. ನಡುವ ಅವಗ ಜ್ವರ ಬರ್ತೈತಿ, ಅಕಿ ಗಂಜಿ ಮಾಡಿಕೊಂಡು ಹೋಗ್ತಾಳ. ಇಲ್ಲೆ ನಾ ಅಂಕ ಕಡದೀನಿ. ಜ್ವರ ಬಂದಾವನ್ನ ಕಿಟಕಿ ಎಲ್ಲಾ ಮುಚ್ಚಿದ ಖೋಲ್ಯಾಗ ಮಲಗಿಸಿ, ಮ್ಯಾಲ ದಪ್ಪ ರಜಾಯಿ ಹೊಚ್ಚಿ, ಹಣಿ ಮ್ಯಾಲ ಅಂಗೈಯಷ್ಟ ಅರಿವಿ ಇಟ್ಟು ಅಳಕೋತ ಕುಂತಾಳ. ನೀರು ಕುಡಸೂದು ಯಾರು? ನನ್ನ ವಾರ್ಡಿನಾಗ ಹಿಂಗ ಮಾಡಿದ್ರ ಹೊರಗ ಕಳಸ್ತಿದ್ದೆ. ಆದ್ರ ಅವಗ ನಿದ್ದಿ ಹತ್ತಿದ ಮ್ಯಾಲ ಕಿವಿ ಹತ್ರ ಬಗ್ಗಿ ‘ಸೊ’ ಅಂತಾಳ, ಅಷ್ಟರಾಗ ಅಂವ ಕಣ್ಣು ತಗೀತಾನ, ಅಕಿ ಗಂಜಿ ಬಟ್ಟಲ ಎತ್ಕೊಂಡು ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡ್ತಾಳ. ಕಡದ ಅಂಕ ಹೊಳ್ಳಿ ಕೊಟ್ಟೆ.

ಇನ್ನ ಮಷಿನ್ ಅಧ್ಯಾಯ! ಅಂಗಡಿಯ ದೊಡ್ಡ ಮಷಿನ್ ಗಡಗಡ ತಿರಗೂವಾಗ ಯಾರಿಗೂ ಕೇಳೂದಿಲ್ಲ ಅಂತ ಅಕಿ ಅದರ ಮುಂದ ನಿಂತು ‘ಸೊಹೇ, ಸೊಹೇ’ ಅಂತ ರೂಢಿ ಮಾಡ್ಕೋತಾಳ. ದಿನದಿಂದ ದಿನಕ್ಕ ಒಂದೀಟು ಜೋರ. ಒಂದಿನ ಗಂಟಲ ಹರಕೊಂಡು ಒದರೂದಕ್ಕೂ ಮಷಿನ್ ನಿಂದ್ರೂದಕ್ಕೂ ಸರಿ ಹೋತು ನೋಡ್ರಿ! ಹಿಂದ ತಿರಗಿದ್ರ ಓಣಿಯ ಮುದುಕ್ಯಾರೆಲ್ಲಾ ನಿಂತಾರ, ಪೋಸ್ಟ್‌ಮನ್ ಟಪಾಲು ಹಿಡದು ನಿಂತಾನ, ಅವರಪ್ಪ ಇಸ್ತ್ರಿಪೆಟ್ಟಿಗಿ ಯಾರದೋ ಪ್ಯಾಂಟಿನ ಮ್ಯಾಲ ಬಿಟ್ಟು ಬಾಯಿ ತಗದು ನಿಂತಾನ, ಪ್ಯಾಂಟು ಹೊಗಿ ಏಳಾಕತ್ತೈತಿ. ಅಯ್ಯ ಶಿವನ! ನಾ ಪಕ್ಕೆಲುಬು ಹಿಡಕೊಂಡು ನಕ್ಕೆ. ಆ ಎರಡು ಹಾಳಿಗೆ ನೂರಕ್ಕ ನೂರು ಅಂಕ.

ನಕ್ಕು ಮುಗಿಸಿ ನಾ ಅಂದೆ, ಎಂಥಾ ಪುಕ್ಕಲಿ ಹುಡುಗಿ ಇಕಿ, ಎರಡಕ್ಷರ ಅನ್ನಾಕ ಇಷ್ಟ ನಾಟಕ! ಅಂದದ್ದ ತಡ, ನಿಮ್ಮ ಮಗಳು ತಲಿ ಎತ್ತಿ ‘ಬಟ್ ಮಮ್ಮಿ, ಯೂ ಹ್ಯಾವ್ ನೆವರ್ ಸೆಡ್ ಪಪ್ಪಾಸ್ ನೇಮ್’ ಅಂದ್ಲು. ‘ಅದ ಬ್ಯಾರೆ’ ಅಂದೆ. ‘ಹೌ?’ ಅಂದ್ಲು. ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗ್ತೈತಿ ಅಂತ ನಮ್ಮ ಆಯಿ ಅಂತಿದ್ಲು, ಅದನ್ನ ಹೇಳಿದೆ. ಅದಕ್ಕ ಅಕಿ, ಪಪ್ಪಾನ ಸೈಟಿನಾಗ ಎಲ್ಲಾರೂ ಮುಂಜಾನಿಂದ ಸಂಜಿತನಕ ‘ಚನ್, ಚನ್’ ಅಂತಾರಲ್ಲ, ಪಪ್ಪಾ ಇನ್ನೂ ಹೆಂಗ ಬದಕ್ಯಾರ ಅಂತ ಕೇಳಿದ್ಲು! ಖರೇನ ರೀ. ಮೊನ್ನೆ ಮೀಸಿ ಮೂಡಿದ ಕೀವೀ ಹುಡುಗರು ಮಣ್ಣ ಕೈಲೆ ನಿಮ್ಮ ಹೆಗಲಿಗೆ ಹೊಡದು ‘ಚನ್, ಮೇಟ್’ ಅಂತಾರ. ಮದುವಿ ಆದಾಕಿ ನಾನು ‘ಕೇಳ್ರಿಲ್ಲೆ’, ‘ಏನ್ರಿ’, ‘ರಕ್ಷಾನ ಅಪ್ಪ’ ಅಂತ ಸುತ್ತಿ ಬಳಸಿ ಹೋಗ್ತೀನಿ. ಡಾಕ್ಟರ್ ಹತ್ರ ಹೋದಾಗ ರಿಸೆಪ್ಶನ್ ಹುಡುಗಿ ಗಂಡನ ಹೆಸರು ಕೇಳಿದ್ರ ನಿಮ್ಮ ಲೈಸೆನ್ಸ್ ತಗದು ಮುಂದ ಇಡ್ತೀನಿ, ಅಕಿ ಪಾಪ ನನಗ ಇಂಗ್ಲಿಷ್ ಬರೂದಿಲ್ಲ ಅಂದ್ಕೊಂಡು ಒಂದೊಂದ ಮಾತು ಬಿಡಿಸಿ ಬಿಡಿಸಿ ಆಡ್ತಾಳ. ಲಕೋಟಿ ಮ್ಯಾಲ ಬರೀತೀನಿ ಬಿಡ್ರಿ, ಅದು ಪೋಸ್ಟಿನವರ ಸಲುವಾಗಿ. ಬಾಯಿಲೆ ಅನ್ನೂದು ಬ್ಯಾರೆ. ನಮ್ಮ ಮದುವ್ಯಾಗ ನಿಮ್ಮ ಹೆಸರಿನ ಒಡಪು ಹೇಳೂ ಹೊತ್ತಿಗೆ ಸರಿಯಾಗಿ ಕರೆಂಟ್ ಹೋತು, ಆ ಗದ್ದಲದಾಗ ನಾ ಪಾರಾದೆ, ನೆನಪೈತಿಲ್ಲೊ? ಚಿನಾತ್ಸುಗೆ ಎರಡಕ್ಷರ. ನನಗ ಐದು, ಅದರಾಗ ಎರಡು ಒತ್ತಕ್ಷರ ಬ್ಯಾರೆ.

ಇಷ್ಟಾಗೂದರಾಗ ಶನಿವಾರ ಅಮಿತಾನ ಕುಬಸ ಬಂತು. ನನ್ನ ವಾರ್ಡಿನ ಅಮಿತಾ, ಬಾಗಲಕೋಟಿಯಾಕಿ, ಚೊಚ್ಚಲ ಬಸರಿ. ಕಮ್ಯುನಿಟಿ ಹಾಲ್ ಹಿಡದಿದ್ರು. ಹಸಿರು ಸೀರಿ, ಹಸಿರು ಬಳಿ, ಆರತಿ, ಹೋಳಿಗಿ ಎಲ್ಲಾ ಆತು, ಆಮ್ಯಾಲ ಚಾಲೂ ಆತು ಒಡಪು. ನಮ್ಮ ಕಡೆ ಹೆಣ್ಮಕ್ಕಳು ಪ್ರಾಸ ಕಟ್ಟಿ, ಅದರ ಬೆನ್ನಿಗೆ ಗಂಡನ ಹೆಸರು ಹೇಳ್ತಾರ, ಹಂಗ ಹೇಳಿದ್ರ ಮಾತ್ರ ನಡೀತೈತಿ ಅಂತ ಬೆಂಗಳೂರಿನ ರಮಾ ಆಂಟಿಗೆ ತಿಳಿಸಿ ಹೇಳಿದ್ವಿ. ಅವರು ಕಣ್ಣು ಅಗಲ ಮಾಡಿ, ‘ಅಯ್ಯೋ, ಅದಕ್ಕೆಲ್ಲ ಪದ್ಯ ಯಾಕ್ರೀ? ನಾನು ಬದರೀ ಅಂತ್ಲೇ ಕೂಗೋದು, ಒಂದೇ ಕೂಗಿಗೆ ಬರಲ್ಲ ಅಷ್ಟೇ’ ಅಂದ್ರು. ಬದರಿನಾಥ್ ಅಂಕಲ್ ಅಲ್ಲೇ ಬಾಗಲದಾಗ ಕಾರಿನ ಕೀಲಿ ಹಿಡಕೊಂಡು ನಿಂತಿದ್ರು, ಖರೇನ ಬರಲಿಲ್ಲ. ಎಲ್ಲಾರೂ ನಕ್ಕಿದ್ದ ನಕ್ಕಿದ್ದು.

ನನ್ನ ಪಾಳಿ ಬಂತು. ಪ್ರತಿ ಸಲ ನಾ ತಾಟು ಎತ್ತೂ ನೆವದಿಂದ ಅಡಿಗಿಮನಿ ಕಡೆ ಜಾರ್ಕೋತಿದ್ದೆ. ಈ ಸಲ ಸುಳ್ಳ ಯಾಕ ಹೇಳ್ಲಿ, ತಯಾರಿ ಮಾಡಿಕೊಂಡ ಹೋಗಿದ್ದೆ. ನಮ್ಮ ಹಳೇ ವಾಷಿಂಗ್ ಮಷಿನ್ ಮುಂದ ನಿಂತು ರೂಢಿನೂ ಮಾಡಿದ್ದೆ! ಒಡಪು ನಾನ ಕಟ್ಟಿದ್ದು. ‘ಮನುಕಾವಿನಾಗ ಮಳಿ, ಹಾರ್ನ್‌ಬಿಯಾಗ ಚಳಿ, ನಡುವ ಸಮುದ್ರ ಇದ್ರೂ ಕೈತುಂಬ ಹಸಿರ ಬಳಿ.’ ಆಮ್ಯಾಲ ನಿಮ್ಮ ಹೆಸರು, ಹಿಂದ ‘ಅವರು’ ಹಚ್ಚಿ, ಮರ್ಯಾದಿಯಿಂದ. ಛಲೋ ಐತಿಲ್ಲೊ? ಮಳಿ ಅಂದೆ, ಚಳಿ ಅಂದೆ, ಮಂದಿ ‘ವ್ಹಾ’ ಅಂದ್ರು. ‘ನಡುವ ಸಮುದ್ರ’ ಅನ್ನೂದಕ್ಕ ನೀವ ಕಣ್ಣ ಮುಂದ ಬಂದ್ರಿ. ಮನ್ಯಾಗ ಅಷ್ಟ ಸಲ ಅಂದಾಗ ಏನೂ ಆಗಿದ್ದಿಲ್ಲ. ಬಳಿ ಮರತೆ, ಪ್ರಾಸ ಮರತೆ, ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಬಾಯಿಂದ ಬಂದದ್ದು ಒಂದ ಮಾತು, ‘ಚನ್ನಬಸಪ್ಪ.’ ಅವರು ಇಲ್ಲ, ರಾಯರು ಇಲ್ಲ, ಮುಂದೊಂದಿಲ್ಲ ಹಿಂದೊಂದಿಲ್ಲ. ಅದೂ ಸಣ್ಣ ದನಿಲೆ ಅಲ್ಲ, ವಾರ್ಡಿನ ಆ ತುದಿಗೆ ಕೇಳೂವಂಗ.

ಹುಬ್ಬಳ್ಳಿ ಕಡೆಯ ಒಬ್ರು ಹಿರಿಯಾಕಿ ಸೆರಗು ಬಾಯಿಗೆ ಇಟ್ಕೊಂಡ್ರು. ಆಮ್ಯಾಲ ಅಮಿತಾ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ಲು, ಅಕಿ ನಕ್ಕಿದ್ದಕ್ಕ ಎಲ್ಲಾರೂ ಚಪ್ಪಾಳಿ ಹೊಡದ್ರು, ರಮಾ ಆಂಟಿ ಎದ್ದು ಬಂದು ನನ್ನ ಅಪ್ಪಿಕೊಂಡ್ರು. ರಕ್ಷಾ ಹೋಳಿಗಿ ಬಾಯಾಗ ಇಟ್ಕೊಂಡು ನುಂಗೂದ ಮರತಿದ್ಲು. ನನಗ ನಾಚಿಕಿ ಬರಬೇಕಾಗಿತ್ತು, ಬರಲಿಲ್ಲ. ನಿಮ್ಮ ಹೆಸರು ಬಾಯಾಗ ಇಷ್ಟ ಛಲೋ ಅನಸ್ತೈತಿ ಅಂತ ನನಗ ಗೊತ್ತಿದ್ದಿಲ್ರಿ. ಆದ್ರ ಕಾರಿನಾಗ ಕುಂತ ಮ್ಯಾಲ ಆಯಿ ಮಾತು ನೆನಪಾಗಿ ಅಂಜಿಕಿ ಬಂತು. ಅವತ್ತ ಸಂಜಿಗೆ ನೀವು ಫೋನ್ ಮಾಡಿದಾಗ ‘ಖರೇನ ಆರಾಮ ಅದೀರಿಲ್ಲೊ’ ಅಂತ ಮ್ಯಾಲಿಂದ ಮ್ಯಾಲ ಕೇಳಿದೆ, ‘ಯಾಕ, ಏನಾತು’ ಅಂತ ನೀವು ಗಾಬರಿ ಆದ್ರಿ. ಆದದ್ದು ಇದು.

ಪುಸ್ತಕದ ಕಡೀ ಅಧ್ಯಾಯ ನಾ ಓದಿದ್ದು ನಿನ್ನೆ, ಕುಬಸ ಮುಗದ ಮ್ಯಾಲ. ಪಿನ್ ತಗದೆ. ಸೊಹೇ ಯಾವತ್ತಿನಂಗ ಅಂಗಿ ಗಂಟು ಹಿಡಕೊಂಡು ಬರ್ತಾನ. ಚಿನಾತ್ಸು ಅಂಗಿ ಬಿಡಿಸಿ ಹಾಸ್ತಾಳ. ಕಾಲರ್ ನೋಡ್ತಾಳ, ತೋಳು ನೋಡ್ತಾಳ, ಕಿಸೆದಾಗ ಬೆರಳ ಹಾಕಿ ನೋಡ್ತಾಳ, ದೀಪಕ್ಕ ಹಿಡದು ನೋಡ್ತಾಳ. ಎಲ್ಲೂ ಕಲೆ ಇಲ್ಲ. ‘ಎಲ್ಲಿ ಆಗೈತಿ?’ ಅಂತ ಕೇಳ್ತಾಳ. ಅಂವ ಅಂತಾನ, ‘ತೊಳಿಯಾಕ ಏನೂ ಇಲ್ಲ. ಸುಮ್ಮನ ಬಂದೀನಿ.’ ಆಮ್ಯಾಲ ಒಂದು ಪೂರಾ ಹಾಳಿ ತುಂಬ ಆ ಬಿಳಿ ಅಂಗಿ ಒಂದ ಬರದಾರ ನೋಡ್ರಿ, ಮಾತಿಲ್ಲ ಕಥಿಯಿಲ್ಲ. ಹಾಳಿ ತಿರಿವಿದ್ರ ಅಕಿ ‘ಸೊಹೇ’ ಅಂತಾಳ. ಸಾನ್ ಇಲ್ಲ! ನಾ ಖುರ್ಚಿ ಬಿಟ್ಟೆದ್ದು ‘ಅಂದ್ಲು, ಅಂದ್ಲು!’ ಅಂತ ಒದರಿದೆ, ರಕ್ಷಾ ಸ್ನಾನದ ಮನಿಯಿಂದ ಓಡಿ ಬಂದ್ಲು. ಅಂವ ಏನಂದ ಅನ್ನೂದು ಏಳನೇ ಸಂಪುಟದಾಗಂತ, ಅದಿನ್ನೂ ಲೈಬ್ರರಿಗೆ ಬಂದಿಲ್ಲಂತ. ಇದೆಂಥಾ ಅನ್ಯಾಯ! ಇವತ್ತ ಮುಂಜಾನೆ ರಕ್ಷಾನ ಬಿಡಾಕ ಹೋದಾಗ ಆ ಬಾಯಾರಿಗೆ ಹೇಳಿ, ಅಕಿಗಿಂತ ಮೊದಲು ನನ್ನ ಹೆಸರು ಬರಸಿ ಬಂದೀನಿ.

ನನ್ನ ತೀರ್ಮಾನ ಏನಪಾ ಅಂದ್ರ, ಪುಸ್ತಕ ಭಾರಿ ಐತಿ. ಜ್ವರದ ಉಪಚಾರ ಸುಧಾರಿಸಬೇಕು, ಅಷ್ಟೆಲ್ಲಾ ಸಬಕಾರ ದಂಡ ಮಾಡಿದ್ದಕ್ಕ ಆ ಹುಡುಗಗ ಬೈಬೇಕು, ಹುಡುಗಿಗೆ ಒಂದು ಮೂಗು ಬರೀಬೇಕು. ಉಳಿದದ್ದಕ್ಕೆಲ್ಲಾ ಕೈ ಎತ್ತಿ ಮುಗೀತೀನಿ. ನೀವು ಬಂದಾಗ ಓದಿ ಹೇಳ್ತೀನಿ, ಬಲಗಡೆಯಿಂದ. ಗುರುದತ್ ಅವರಿಗೆ ನನ್ನ ನಮಸ್ಕಾರ ಹೇಳ್ರಿ, ಬೆಲ್ಲದ ಡಬ್ಬಿ ಎಲ್ಲ್ಯಾರ ಮುಚ್ಚಿಡ್ರಿ. ಬಿಸಿನೀರು ಕುಡೀರಿ. ಬಸವಣ್ಣ ನಿಮ್ಮನ್ನ ಗಟ್ಟಿಮುಟ್ಟ ಇಡ್ಲಿ, ಹೊತ್ತಿಗೆ ಸರಿಯಾಗಿ ಉಣಿಸ್ಲಿ.

ನಿಮ್ಮ,
ವಸಂತಾ

ತಾ.ಕ.: ಲಕೋಟಿ ಅಂಟಿಸಿದ್ದೆ, ಹೊಳ್ಳಿ ಹರದೀನಿ. ಓಣಿಯ ಡೇರಿ ಅಂಗಡಿ ಮುಂದಿನ ಪೋಸ್ಟ್ ಡಬ್ಬಿ ಐದಕ್ಕ ತಗೀತಾರ, ಅಕ್ಷರ ಸೊಟ್ಟ ಆದ್ರ ಹೊಟ್ಟಿಗೆ ಹಾಕ್ಕೊಳ್ರಿ. ಫೋನಿನಾಗ ‘ರಕ್ಷಾ ನಿಮ್ಮನ್ನ ನೆನಸ್ತಾಳ’, ‘ರಕ್ಷಾಗ ಅಪ್ಪ ಇಲ್ಲದ ಬ್ಯಾಸರ’ ಅಂತ ಇಷ್ಟ ದಿನ ಹೇಳಿದ್ನಲ್ಲ, ಅದು ರಕ್ಷಾ ಅಲ್ಲ. ಅಕಿ ಕೈಯಾಗ ಪುಸ್ತಕ ಇದ್ರ ನಮ್ಮಿಬ್ಬರ ನೆನಪೂ ಅಕಿಗೆ ಇರೂದಿಲ್ಲ. ನೆನಸೂದು ನಾನು, ಬ್ಯಾಸರ ನಂದು. ಸಾಲಿ ಸಲುವಾಗಿ ಅಲ್ಲ, ಮನಿ ಸಲುವಾಗಿ ಅಲ್ಲ, ನಿಮ್ಮ ಕೆಮ್ಮಿನ ಸಲುವಾಗಿನೂ ಅಲ್ಲ. ಚನ್ನಬಸಪ್ಪಾ, ಶುಕ್ರವಾರ ಸಹಿ ಮಾಡಬ್ಯಾಡ. ನನಗ ನೀ ಬೇಕು. ಮನಿಗೆ ಬಾ.